ಹಿಂದಕ್ಕೆ ತುಳಿಯುವ ಬ್ರೇಕು

ಕಳೆದ ತಿಂಗಳ ಒಂದು ಭಾನುವಾರ ಮುಂಜಾನೆ ವಾಚನಾಲಯದಲ್ಲಿ ಹಳೆಯ ಸಂಚಿಕೆಗಳನ್ನು ಜೋಡಿಸುತ್ತ ಕುಳಿತಿದ್ದಾಗ ಗದಗ ಕಡೆಯ ತರುಣನೊಬ್ಬ ಬಂದು ಎದುರು ಬೆಂಚಿನ ಮೇಲೆ ಕುಳಿತ. ಇಲ್ಲಿಯೇ ಪುಣೆಯಲ್ಲಿ ಸೈಕಲ್ ದುರಸ್ತಿಯ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಸ್ವಲ್ಪ ಹೊತ್ತು ದಿನಪತ್ರಿಕೆಯನ್ನು ತಿರುವಿಹಾಕಿ, "ಕಾಕಾ, ನಿಮಗ ಹಳೇ ಸೈಕಲ್ಲಿನ ವಿಷಯ ಗೊತ್ತೈತಂತ. ಒಂದು ಮಾತು ಕೇಳಬೇಕಾಗಿತ್ರಿ" ಎಂದ.

ಅವರ ಅಂಗಡಿಗೆ ಒಬ್ಬ ಗಿರಾಕಿ ಅಮೆರಿಕದಿಂದ ಮನೆಸಾಮಾನಿನೊಡನೆ ತಂದ ಹಳೆಯ ಸೈಕಲ್ಲನ್ನು ಒಪ್ಪಿಸಿದ್ದಾನಂತೆ. ಶಿಕಾಗೋದ ಶ್ವಿನ್ ಕಂಪನಿಯದು. ಉಬ್ಬಿದ ದಪ್ಪ ಟೈರು, ಎತ್ತಲು ಇಬ್ಬರು ಬೇಕೆನ್ನಿಸುವಷ್ಟು ಭಾರ. ಹ್ಯಾಂಡಲ್ಲಿನಲ್ಲಿ ಬ್ರೇಕಿನ ಹಿಡಿಕೆಯೇ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರ ನಿಲ್ಲುತ್ತದೆ, ಅಷ್ಟೇ. ಗಿರಾಕಿಗೆ ಅದನ್ನು ಹೊಸದರಂತೆ ಮಾಡಿಸಿ ಸಿಂಹಗಡದ ಇಳಿಜಾರಿನಲ್ಲಿ ಓಡಿಸುವ ಆಸೆ. "ನಮ್ಮ ಮಾಲಕರು ರಿಮ್ ಬ್ರೇಕ್ ಕೂಡಿಸು ಅಂತಾರ್ರಿ. ನನಗ್ಯಾಕೋ ಧೈರ್ಯ ಬರವಲ್ದು. ನಾಳೆ ಅವರು ಬಿದ್ರ, ಕೂಡಿಸಿದ ಕೈ ನಂದಲ್ಲೇನ್ರಿ?" ಎಂಬುದು ಅವನ ಚಿಂತೆ.

ಅಂದು ಅವನಿಗೆ ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಸೈಕಲ್ಲಿನ ಮೇಲೆಯೇ ಪಾಳಿಗೆ ಹೋಗಿಬರುವ ಬಂಧುಗಳು ನಮ್ಮ ವಾಚಕರಲ್ಲಿ ಇದ್ದಾರೆ. ಅಮೆರಿಕದ ಸೈಕಲ್ಲು ಅವರ ಕೈಗೆ ಬರಲಿ ಬಿಡಲಿ, ಬ್ರೇಕು ಎಂಬುದು ಹೇಗೆ ಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿದಿರುವುದರಿಂದ ನಷ್ಟವೇನಿಲ್ಲ.

ಮೊದಲು ಈ ಸೈಕಲ್ಲಿನ ಕುಲಗೋತ್ರ ತಿಳಿಯಬೇಕು. ೧೯೩೩ರಲ್ಲಿ ಶ್ವಿನ್ ಕಂಪನಿಯವರು ಮಕ್ಕಳ ಹಾಗೂ ಹದಿಹರೆಯದವರ ಸೈಕಲ್ಲಿಗೆ ಎರಡು ಅಂಗುಲಕ್ಕೂ ಮಿಕ್ಕಿದ ಅಗಲದ, ಕಡಿಮೆ ಗಾಳಿ ತುಂಬುವ ಟೈರನ್ನು ಹಾಕಿ ಮಾರಾಟಕ್ಕೆ ತಂದರು. ಕಲ್ಲುಮಣ್ಣಿನ ಮೇಲೆ ಹಾಯಾಗಿ ಉರುಳುವ ಟೈರು. ಮನೆಮನೆಗೆ ಪತ್ರಿಕೆ ಹಾಕುವ ಹುಡುಗರಿಗೆ ಇಂಥ ಸೈಕಲ್ಲು ಅಚ್ಚುಮೆಚ್ಚಾಯಿತು. ಗಟ್ಟಿ ಉಕ್ಕಿನ ಚೌಕಟ್ಟು, ಒಂದೇ ಗೇರು, ಹಿಂಚಕ್ರದ ಗುಂಬದೊಳಗೆ ಅಡಗಿದ ಬ್ರೇಕು; ಒಟ್ಟು ತೂಕ ನಲವತ್ತೈದು ಐವತ್ತು ಪೌಂಡು. ಯುದ್ಧಾನಂತರ ತೆಳು ಟೈರಿನ ಹಗುರ ಸೈಕಲ್ಲುಗಳು ಬಂದವು. ಇವೆಲ್ಲ ಹಿತ್ತಿಲಿಗೆ, ಗುಜರಿಗೆ ಸೇರಿದವು.

ಹಾಗೆ ಗುಜರಿ ಸೇರಿದ್ದನ್ನು ಎತ್ತಿ ತಂದವರು ಕ್ಯಾಲಿಫೋರ್ನಿಯದ ಹುಡುಗರು. ಸಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರಿನ್ ಎಂಬ ಜಿಲ್ಲೆ. ನಡುವೆ ಟಮಾಲ್‌ಪಾಯಿಸ್ ಎಂಬ ಬೆಟ್ಟ. ೧೯೭೦ರ ದಶಕದಲ್ಲಿ ಅಲ್ಲಿನ ತರುಣರು ಈ ಹಳೆಯ ಸೈಕಲ್ಲುಗಳ ಮಡ್‌ಗಾರ್ಡು, ಚೈನ್‌ಕವರು, ತೋರಿಕೆಯ ಟ್ಯಾಂಕು ಎಲ್ಲವನ್ನೂ ಕಿತ್ತೊಗೆದು, ಬೆಂಕಿ ನಂದಿಸುವವರಿಗಾಗಿ ಕಡಿದ ಕಾಡುದಾರಿಗಳಲ್ಲಿ ಮೇಲಿನಿಂದ ಕೆಳಕ್ಕೆ ಬಿಡತೊಡಗಿದರು. ಇಂಥ ಸೈಕಲ್ಲಿಗೆ ಅವರು 'ಕ್ಲಂಕರ್' ಎಂದು ಹೆಸರಿಟ್ಟರು. ಪುಣೆ ಮುಂಬಯಿಯವರ ಬಾಯಲ್ಲಿ ಹೇಳುವುದಾದರೆ 'ಖಟಾರಾ'. ಇಂದು ಜಗತ್ತಿನಲ್ಲೆಲ್ಲ ಮಾರಾಟವಾಗುವ ಬೆಟ್ಟದ ಸೈಕಲ್ಲಿನ ಅಜ್ಜ ಈ ಖಟಾರಾವೇ.

ಆ ಜಿಲ್ಲೆಯ ಫೇರ್‌ಫ್ಯಾಕ್ಸ್ ಊರಿನ ಬಳಿ ಒಂದು ದಾರಿಯುಂಟು. ಸುಮಾರು ಎರಡು ಮೈಲಿನೊಳಗೆ ೧,೩೦೦ ಅಡಿ ಇಳಿಯುತ್ತದೆ. ೧೯೭೬ನೆಯ ಅಕ್ಟೋಬರ್ ೨೧ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಚಾರ್ಲಿ ಕೆಲ್ಲಿ ಎಂಬಾತ ಅದರ ವ್ಯವಸ್ಥಾಪಕ. ಗ್ಯಾರಿ ಫಿಶರ್ ಎಂಬಾತ ಅಲ್ಲಿ ಇಳಿದ ಅತಿ ಕಡಿಮೆ ಕಾಲ ೪ ನಿಮಿಷ ೨೨ ಸೆಕೆಂಡು. ಆ ದಾರಿಯ ಹೆಸರು 'ರೀಪ್ಯಾಕ್'. ಹೆಸರು ಬಂದದ್ದು ಬ್ರೇಕಿನಿಂದಲೇ ಎಂದರೆ ಆಶ್ಚರ್ಯವಾದೀತು. ಒಂದು ಸಲ ಕೆಳಗಿಳಿಯುವುದರೊಳಗೆ ಹಿಂಚಕ್ರದ ಗುಂಬ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಇನ್ನೊಮ್ಮೆ ಇಳಿಯಬೇಕಾದರೆ ಗುಂಬವನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಮರಳಿ ತುಂಬುವುದು, ಅದೇ ರೀಪ್ಯಾಕ್.

ಏಕೆ ಅಷ್ಟು ಕಾಯುತ್ತದೆ? ನಮ್ಮ ಗುಮಾಸ್ತ ಮಿತ್ರರಿಗೆ ಲೆಕ್ಕವೆಂದರೆ ಇಷ್ಟ, ಆದುದರಿಂದ ಲೆಕ್ಕವನ್ನೇ ಕೊಡುತ್ತೇನೆ. ಸವಾರ ೭೦ ಕಿಲೋ, ಸೈಕಲ್ಲು ೨೨ ಕಿಲೋ ಎನ್ನೋಣ. ೧,೩೦೦ ಅಡಿ ಎಂದರೆ ೪೦೦ ಮೀಟರಿಗೆ ತುಸು ಕಡಿಮೆ. ಈ ತೂಕ ಅಷ್ಟು ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಮೂರೂವರೆ ಲಕ್ಷ ಜೂಲು. ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಒಂದು ಭಾಗ ಗಾಳಿಗೆ, ಒಂದು ಭಾಗ ಮಣ್ಣಿಗೆ ಹೋಗುತ್ತದೆ, ನಿಜ. ಉಳಿದದ್ದೆಲ್ಲ ಐದು ನಿಮಿಷದೊಳಗೆ ಒಂದು ಮುಷ್ಟಿಯಷ್ಟು ಗಾತ್ರದ ಉಕ್ಕಿನ ಗುಂಬದೊಳಗೆ ತುಂಬಿಕೊಳ್ಳಬೇಕು. ಚಕ್ರವನ್ನು ಪೂರ್ತಿ ಕಟ್ಟಿಹಾಕಿ ಜಾರಿಸಿಕೊಂಡು ಹೋದರೆ ಗುಂಬ ಕಾಯುವುದಿಲ್ಲ, ಟೈರು ಸವೆಯುತ್ತದೆ; ಚಕ್ರ ಉರುಳುತ್ತಲೇ ಬ್ರೇಕು ತೇಯುತ್ತಿದ್ದರೆ ಗುಂಬ ಕಾಯುತ್ತದೆ. ಆ ಹುಡುಗರು ಎರಡನ್ನೂ ಮಾಡುತ್ತಿದ್ದರು. ತಿರುವಿನಲ್ಲಿ ಹಿಂಚಕ್ರವನ್ನು ಬೇಕೆಂತಲೇ ಜಾರಿಸಿ ಸೈಕಲ್ಲನ್ನು ತಿರುಗಿಸುವುದು ಅವರ ವಿದ್ಯೆ.

ಈ ಹಿಂದುಳಿತದ ಬ್ರೇಕಿನ ಒಳಗುಟ್ಟು ಸರಳವಾದದ್ದು. ಮುಂದಕ್ಕೆ ತುಳಿದಾಗ ಒಳಗಿನ ತಿರುಪು ಒಂದು ಶಂಕುವನ್ನು ಎಳೆದು ಗುಂಬಕ್ಕೆ ಹಿಡಿಸುತ್ತದೆ, ಚಕ್ರ ತಿರುಗುತ್ತದೆ. ಕಾಲು ನಿಲ್ಲಿಸಿದರೆ ಶಂಕು ಸಡಿಲಾಗಿ ಚಕ್ರ ತಾನೇ ಓಡುತ್ತದೆ. ಹಿಂದಕ್ಕೆ ತುಳಿದಾಗ ಅದೇ ತಿರುಪು ಶಂಕುವನ್ನು ಎದುರು ದಿಕ್ಕಿಗೆ ಸರಿಸಿ ಲೋಹದ ಪಟ್ಟಿಗಳನ್ನು ಅಗಲಿಸಿ ಗುಂಬದ ಒಳಮೈಗೆ ಒತ್ತುತ್ತದೆ. ಕೆಲವು ಜಾತಿಯವುಗಳಲ್ಲಿ ಪಟ್ಟಿಯ ಬದಲು ತೆಳು ಬಿಲ್ಲೆಗಳ ಸಾಲು ಇರುತ್ತದೆ. ಮಾರೋ, ನ್ಯೂ ಡಿಪಾರ್ಚರ್, ಬೆಂಡಿಕ್ಸ್ ಇವು ಹೆಸರಾದ ಮಾರ್ಕುಗಳು. ಇದರ ಗುಣಗಳು ಎರಡು: ಮಳೆ, ಕೆಸರು ಒಳಗೆ ಹೋಗದು, ಕೈಗೆ ಶ್ರಮವಿಲ್ಲ, ಇಡೀ ಕಾಲಿನ ಬಲ ಬ್ರೇಕಿಗೆ ಬೀಳುತ್ತದೆ. ದೋಷಗಳು ಅದಕ್ಕಿಂತ ಹೆಚ್ಚು. ಚೈನು ತುಂಡಾದರೆ, ಹಲ್ಲಿನಿಂದ ಜಾರಿದರೆ ಬ್ರೇಕೂ ಹೋಯಿತು. ಗುಂಬದಿಂದ ಹೊರಚಾಚುವ ತೋಳೊಂದನ್ನು ಚೌಕಟ್ಟಿಗೆ ಪಟ್ಟಿ ಹಾಕಿ ಬಿಗಿದಿರುತ್ತಾರೆ. ಆ ಪಟ್ಟಿಯ ಪುಟ್ಟ ಬೋಲ್ಟು ಸಡಿಲಾಗಿ ಬಿದ್ದರೆ ಬ್ರೇಕು ಹಾಕಿದಾಗ ಚಕ್ರದ ಬದಲು ಆ ತೋಳೇ ತಿರುಗುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷ, ಇದು ಹಿಂಚಕ್ರದ ಬ್ರೇಕು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮಲ್ಲಿ ಒಂದು ತಪ್ಪು ನಂಬಿಕೆ ಬಲವಾಗಿ ಬೇರೂರಿದೆ. 'ಮುಂದಿನ ಬ್ರೇಕು ಹಿಡಿಯಬೇಡ, ಪಲ್ಟಿ ಹೊಡೆಯುತ್ತೀ' ಎಂದು ಸೈಕಲ್ಲು ಕಲಿಸುವಾಗ ನನ್ನ ಅಣ್ಣನೂ ನನಗೆ ಹೇಳಿದ್ದ. ಓಡುತ್ತಿರುವ ಸೈಕಲ್ಲನ್ನು ತಡೆದಾಗ ಭಾರ ಮುಂದಕ್ಕೆ ಸರಿಯುತ್ತದೆ. ಬಸ್ಸು ಒಮ್ಮೆಲೆ ನಿಂತಾಗ ನಾವು ಮುಂದಕ್ಕೆ ವಾಲುವಂತೆ. ಮುಂಚಕ್ರದ ಮೇಲೆ ಭಾರ ಹೆಚ್ಚಿ ಅದು ನೆಲವನ್ನು ಕಚ್ಚಿ ಹಿಡಿಯುತ್ತದೆ, ಹಿಂಚಕ್ರ ಹಗುರಾಗಿ ಜಾರುತ್ತದೆ. ಒಣ ಸಮರಸ್ತೆಯಲ್ಲಿ ಹಿಂದಿನ ಬ್ರೇಕೊಂದರಿಂದ ನಿಲ್ಲುವುದಕ್ಕೆ ಬೇಕಾಗುವ ದೂರದ ಸುಮಾರು ಅರ್ಧದಲ್ಲಿ ಮುಂದಿನ ಬ್ರೇಕಿನಿಂದ ನಿಲ್ಲಬಹುದು. ಇಳಿಜಾರಿನಲ್ಲಿ ಭಾರ ಮೊದಲೇ ಮುಂದಕ್ಕೆ ವಾಲಿರುವುದರಿಂದ ಹಿಂಬ್ರೇಕು ಇನ್ನಷ್ಟು ನಿಷ್ಪ್ರಯೋಜಕ. ಪಲ್ಟಿಯಾಗುವುದು ಸುಳ್ಳಲ್ಲ, ಒಮ್ಮೆಲೆ ಕಿತ್ತಂತೆ ಹಿಡಿದರೆ, ಮೈ ಮುಂದಕ್ಕೆ ಬಾಗಿದ್ದರೆ ಆಗುತ್ತದೆ. ಮೆಲ್ಲನೆ ಹಿಡಿಯುತ್ತ ಹೋಗಿ, ಮೈಯನ್ನು ಹಿಂದಕ್ಕೆ ಸರಿಸಿದರೆ ಆಗದು. ಆದುದರಿಂದ ಬೆಟ್ಟದಲ್ಲಿ ಇಳಿಯಬೇಕಾದ ಸೈಕಲ್ಲಿಗೆ ಮುಂದೊಂದು ಬ್ರೇಕು ಇರಲೇಬೇಕು.

ಮರಿನ್ ಹುಡುಗರಿಗೂ ಇದು ಅರಿವಾಯಿತು. ೧೯೭೪ನೆಯ ಡಿಸೆಂಬರಿನಲ್ಲಿ ಮಿಲ್ ವ್ಯಾಲಿಯಲ್ಲಿ ನಡೆದ ಒಂದು ಪಂದ್ಯಕ್ಕೆ ಕೂಪರ್ಟಿನೋ ಊರಿನ ಕೆಲವರು ಬಂದಿದ್ದರು. ತಮ್ಮ ಗುಂಪಿಗೆ ಅವರು ಇಟ್ಟುಕೊಂಡಿದ್ದ ಹೆಸರು ಮಾರೋ ಡರ್ಟ್ ಕ್ಲಬ್, ಆ ಮಾರೋ ಬ್ರೇಕಿನ ಹೆಸರೇ. ತಮಾಷೆಯೆಂದರೆ ಅವರ ಸೈಕಲ್ಲಿನಲ್ಲಿ ಆ ಬ್ರೇಕು ಇರಲಿಲ್ಲ. ಡ್ರಮ್ ಬ್ರೇಕು, ಚೈನು ಹಾರಿಸುವ ಹಲವು ಗೇರು ಇದ್ದವು. ಅದನ್ನು ಕಂಡು, ಬೇಗನೆ ಗ್ಯಾರಿ ಫಿಶರ್ ಮೊದಲಾದವರೂ ತಮ್ಮ ಖಟಾರಾಗಳಿಗೆ ಡ್ರಮ್ಮು, ಗೇರು, ಮೋಟಾರ್ ಸೈಕಲ್ಲಿನ ಉದ್ದ ಹಿಡಿಕೆ ಹಾಕಿಕೊಂಡರು. ಗೇರು ಬಂದ ಕೂಡಲೇ ಹಿಂದುಳಿತದ ಬ್ರೇಕು ಹೋಗಲೇಬೇಕು. ಹಿಂದಕ್ಕೆ ತುಳಿದಾಗ ಬಿಗಿಯುವುದು ಚೈನಿನ ಕೆಳಗಿನ ಎಳೆ. ಗೇರಿನ ತೂಗುತೋಳು ನೇತಾಡುವುದೂ ಅಲ್ಲಿಯೇ. ಬಿಗಿದ ಏಟಿಗೆ ಅದು ಮುರಿದೇ ಹೋಗುತ್ತದೆ.

ಡ್ರಮ್ ಬ್ರೇಕು ನಮ್ಮವರಿಗೆ ಹೊಸದಲ್ಲ. ಇದೇ ಪುಣೆಯ ಆಕುರ್ಡಿಯಲ್ಲಿ ತಯಾರಾಗುತ್ತಿದ್ದ ಬಜಾಜ್ ಸ್ಕೂಟರಿನ ಚಕ್ರದೊಳಗೆ ಇದ್ದದ್ದು ಅದೇ. ಅರ್ಧಚಂದ್ರಾಕಾರದ ಎರಡು ಶೂಗಳು ತಂತಿ ಎಳೆದಾಗ ಅಗಲಿ ಡಬ್ಬಿಯ ಒಳಮೈಗೆ ತಾಗುತ್ತವೆ. ಮಳೆಯಲ್ಲಿಯೂ ಹಿಡಿತ ತಪ್ಪುವುದು ಕಡಿಮೆ. ಆದರೆ ಸೈಕಲ್ಲಿನ ಡ್ರಮ್ಮು ಸಣ್ಣದು, ತೊಂಬತ್ತು ಮಿಲಿಮೀಟರೆಂದರೆ ದೊಡ್ಡದೇ. ರಿಮ್ಮಿನ ವ್ಯಾಸ ಅದರ ಆರು ಪಟ್ಟು. ಆದುದರಿಂದ ಅಂಚಿನಲ್ಲಿ ಒಂದು ಪಾಲು ಒತ್ತಿದರೆ ಸಾಕಾಗುವಲ್ಲಿ ಡ್ರಮ್ಮಿನೊಳಗೆ ಆರು ಪಾಲು ಘರ್ಷಣೆ ಬೇಕು. ಮೋಟಾರ್ ಸೈಕಲ್ಲಿನ ಹಿಡಿಕೆ, ದಪ್ಪ ತಂತಿ ಬೇಕಾದದ್ದು ಅದಕ್ಕೇ. ಬಹಳ ಹೊತ್ತು ಹಿಡಿದುಕೊಂಡೇ ಇಳಿದರೆ ಶೂಗಳು ಕಾದು ಹಿಡಿತ ಮಂದವಾಗುವುದೂ ಉಂಟು. ನಡುನಡುವೆ ಬಿಟ್ಟು ಹಿಡಿಯಬೇಕು, ಇಲ್ಲವೇ ನಿಂತು ಬೀಡಿ ಸೇದುವಷ್ಟು ಹೊತ್ತು ತಣಿಯಲು ಬಿಡಬೇಕು.

ಹಳೆಯ ಡ್ರಮ್ಮು ಬಿಚ್ಚುವವರಿಗೆ ಒಂದು ಎಚ್ಚರಿಕೆ. ಹಿಂದಿನ ಶೂಗಳ ಮೇಲಿನ ಪದರಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವುಂಟು. ಒಳಗಿನ ಬೂದಿಯಂಥ ಪುಡಿಯನ್ನು ಬಾಯಿಂದ ಊದುವುದು ನಮ್ಮ ಮಿಸ್ತ್ರಿಗಳ ಹಳೆಯ ಅಭ್ಯಾಸ. ಗಾಳಿಯ ಪೈಪು ಹಿಡಿಯುವುದು ಇನ್ನೂ ಕೆಟ್ಟದ್ದು. ಆ ಪುಡಿ ಪುಪ್ಪುಸಕ್ಕೆ ಹೋದರೆ ಎಷ್ಟೋ ವರ್ಷಗಳ ಮೇಲೆ ರೋಗವಾಗಿ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಹಸಿಯಾಗಿಯೇ ಚೀಲದಲ್ಲಿ ಕಟ್ಟಿ ಬಿಸಾಡಬೇಕು.

ಇನ್ನು ಅಂಗಡಿಯ ಮಾಲಕರು ಹೇಳಿದ ರಿಮ್ ಬ್ರೇಕು. ಇದರ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ೧೯೭೮ರ ಆಷಾಢದಲ್ಲಿ ಗೆಳೆಯನೊಬ್ಬನ ಮನೆಗೆ ಹೋಗಿ ಕಾತ್ರಜ ಘಾಟಿನಲ್ಲಿ ಸೈಕಲ್ಲಿನ ಮೇಲೆ ಮರಳುತ್ತಿದ್ದೆ. ನಮ್ಮ ಎಲ್ಲರ ಮನೆಯಲ್ಲೂ ಇದ್ದಂಥ ಕಪ್ಪು ಸೈಕಲ್ಲು, ಸಲಾಕೆ ಎಳೆಯುವ ಬ್ರೇಕು. ಸಣ್ಣ ಮಳೆ. ಎರಡು ಹಿಡಿಕೆಗಳನ್ನೂ ಒತ್ತಿದೆ. ರಬ್ಬರು ರಿಮ್ಮಿಗೆ ತಾಗಿತು, ಆದರೆ ಸೋಪಿನ ಮೇಲೆ ಕೈ ಜಾರಿದಂತಾಯಿತು. ಎದುರಿಗೆ ಲಾರಿ. ಗುಡ್ಡದ ಕಡೆಯ ಚರಂಡಿಗೆ ಸೈಕಲ್ಲನ್ನು ನುಗ್ಗಿಸಿ ಉಳಿದುಕೊಂಡೆ. ಬಲಗೈ ಮಣಿಕಟ್ಟು ಮುರಿಯಿತು. ಬರೆಯುವ ಕೈ, ಗುಮಾಸ್ತನಿಗೆ ಅದೇ ಅನ್ನ. ಐದು ವಾರ ಅರ್ಧ ಪಗಾರದ ಮೇಲೆ ಮನೆಯಲ್ಲಿ ಕುಳಿತೆ. ಊರಿಗೆ ಹಣ ಕಳಿಸಲಿಲ್ಲವೇಕೆಂದು ಅವ್ವನಿಗೆ ಬೇರೆಯವರ ಕೈಯಿಂದ ಕಾಗದ ಬರೆಸಿದೆ, ಅಕ್ಷರ ನೋಡಿಯೇ ಆಕೆ ಗಾಬರಿಯಾದಳಂತೆ.

ತಪ್ಪು ರಬ್ಬರಿನದಲ್ಲ, ರಿಮ್ಮಿನದು. ಕ್ರೋಮಿಯಂ ಹೊಳಪು ಕೊಟ್ಟ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಅದನ್ನು ಹಿಡಿಯುವುದೇ ಇಲ್ಲವೆನ್ನಬೇಕು. ನೀರನ್ನು ಒರೆಸಿ ಹಾಕುವುದರೊಳಗೆ ಸೈಕಲ್ಲು ಎಷ್ಟೋ ಮುಂದೆ ಹೋಗಿರುತ್ತದೆ. ಅಲ್ಯೂಮಿನಿಯಮ್ ರಿಮ್ಮಿನಲ್ಲಿ ಈ ಕಷ್ಟ ಬಹಳ ಕಡಿಮೆ. ಹಳೆಯ ಶ್ವಿನ್ನಿನ ಮೂಲ ರಿಮ್ಮು ಉಕ್ಕಿನದು. ಅದಕ್ಕೆ ರಬ್ಬರು ಒತ್ತುವ ಬ್ರೇಕು ಕೂಡಿಸಿ ಸಿಂಹಗಡಕ್ಕೆ ಕಳಿಸುವುದೆಂದರೆ ನನ್ನ ಕಾತ್ರಜದ ಚರಂಡಿಯನ್ನು ಅಲ್ಲಿಗೆ ಸಾಗಿಸಿದಂತೆ.

ಇನ್ನೊಂದು ತೊಡಕು ಟೈರಿನ ದಪ್ಪ. ಸಾಧಾರಣ ಚಿಮಟಿಗೆಯ ಬ್ರೇಕು ಈ ಡೊಳ್ಳು ಟೈರನ್ನು ಬಳಸಿ ರಿಮ್ಮಿಗೆ ಮುಟ್ಟಬೇಕಾದರೆ ತೋಳು ಬಹಳ ಉದ್ದವಾಗಬೇಕು. ಉದ್ದವಾದಷ್ಟೂ ಬಾಗುತ್ತದೆ, ಬಾಗಿದಷ್ಟೂ ಹಿಡಿತ ಸಡಿಲು. ಇದಕ್ಕೆ ಮದ್ದು ಕ್ಯಾಂಟಿಲಿವರ್ ಬ್ರೇಕು. ಫೋರ್ಕಿನ ಎರಡು ಕಾಲಿಗೂ ಒಂದೊಂದು ಗೂಟ ಬೆಸೆದು, ಅದರ ಮೇಲೆ ಬೇರೆಬೇರೆಯಾಗಿ ಕೂರುವ ಎರಡು ಗಿಡ್ಡ ತೋಳು. ೧೯೭೭ರಲ್ಲಿ ಜೋ ಬ್ರೀಜ್ ಎಂಬಾತ, ಗುಜರಿಯ ಚೌಕಟ್ಟನ್ನು ಬಿಟ್ಟು, ಬೆಟ್ಟಕ್ಕೆಂದೇ ಹೊಸ ಚೌಕಟ್ಟನ್ನು ಕೈಯಾರೆ ಕಟ್ಟಿದಾಗ ಈ ಬ್ರೇಕನ್ನೇ ಆರಿಸಿದ. ಆ ಮೊದಲ ಸೈಕಲ್ಲು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ೧೯೮೧ರಲ್ಲಿ ಕಾರ್ಖಾನೆಯಿಂದ ಬಂದ ಸ್ಟಂಪ್‌ಜಂಪರ್ ಸೈಕಲ್ಲಿಗೂ ಅದೇ ಜಾತಿಯ ಬ್ರೇಕು. ಆದರೆ ಅದು ಗೂಟದೊಡನೆಯೇ ಹುಟ್ಟಿದ ಚೌಕಟ್ಟಿಗೆ. ೧೯೩೦-೪೦ರ ಚೌಕಟ್ಟಿಗೆ ಇಂದು ಗೂಟ ಬೆಸೆಯಹೋದರೆ ಬಣ್ಣ ಸುಡುತ್ತದೆ, ತಗಡಿನಂಥ ಕೊಳವೆ ಕಾದು ಬಾಗಬಹುದು, ಮಾಡಿದ್ದನ್ನು ಮತ್ತೆ ಅಳಿಸಲಾಗದು. ಹಳೆಯ ವಸ್ತುವಿಗೆ ಅಳಿಸಲಾಗದ ಕೆಲಸ ಮಾಡುವುದು ನನಗೆ ಸರಿದೋರದು. ಡಿಸ್ಕ್ ಬ್ರೇಕಿಗೂ ಇದೇ ಮಾತು.

ಹಾಗಾದರೆ ಕೂಡಿಸುವುದೇನು? ಗೋಡೆಗೆ ತೂಗುಹಾಕುವ, ಹೆಚ್ಚೆಂದರೆ ಕಾಲೋನಿಯೊಳಗೆ ಸಂಜೆ ತಿರುಗುವ ಸೈಕಲ್ಲಾದರೆ ಹಿಂದುಳಿತದ ಬ್ರೇಕೊಂದೇ ಸಾಕು, ಅದೇ ಶೋಭೆ. ಬೆಟ್ಟ ಇಳಿಯಬೇಕಾದರೆ ಹಿಂದಿನದನ್ನು ಉಳಿಸಿಕೊಂಡು ಮುಂದೆ ಡ್ರಮ್ ಇರುವ ಬೇರೊಂದು ಚಕ್ರ ಕಟ್ಟಬೇಕು. ಮೂಲ ಚಕ್ರವನ್ನು ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿಟ್ಟರಾಯಿತು. ನಾಳೆ ಬೇಕೆಂದರೆ ಮತ್ತೆ ಏರಿಸಬಹುದು. ಡ್ರಮ್ಮಿನ ತೋಳನ್ನು ಫೋರ್ಕಿನ ಕಾಲಿಗೆ ಪಟ್ಟಿಯಿಂದ ಬಿಗಿಯುವುದರಿಂದ ಬೆಸುಗೆಯ ಪ್ರಶ್ನೆಯೂ ಇಲ್ಲ. ೧೯೭೦ರ ದಶಕದ ಹುಡುಗರು ಡ್ರಮ್ಮನ್ನೇ ಹಾಕಿದ್ದರಾದ್ದರಿಂದ ಇತಿಹಾಸಕ್ಕೂ ಅಪಚಾರವಾಗದು. ಗಿರಾಕಿಗೆ ಗೇರು ಬೇಕೆಂದರೆ ಮಾತ್ರ ಹಿಂದೆಯೂ ಡ್ರಮ್ಮು. ಒಂದೇ ಗೇರಿನಲ್ಲಿ ಇಪ್ಪತ್ತೆರಡು ಕಿಲೋವನ್ನು ಸಿಂಹಗಡಕ್ಕೆ ತುಳಿದೇರುತ್ತೇನೆಂದು ಅವರು ಭಾವಿಸಿದ್ದರೆ ಅದು ಬೇರೆ ಮಾತು. ಮರಿನ್ ಹುಡುಗರೇ ಎಷ್ಟೋ ಸಲ ನೂಕಿಕೊಂಡು, ಇಲ್ಲವೇ ಟ್ರಕ್ಕಿನಲ್ಲಿ ಹೇರಿಕೊಂಡು ಮೇಲಕ್ಕೆ ಹೋಗುತ್ತಿದ್ದರು.

ಕೂಡಿಸುವಾಗ ನೋಡಬೇಕಾದದ್ದು ಫೋರ್ಕು. ಮುಂದೆ ಬ್ರೇಕೇ ಇಲ್ಲದ ಕಾಲಕ್ಕೆ ಮಾಡಿದ ಫೋರ್ಕದು. ಡ್ರಮ್ಮು ಹಿಡಿದಾಗ ತಿರುಚುವ ಬಲವೆಲ್ಲ ಆ ತೋಳು ಕಟ್ಟಿದ ಒಂದೇ ಕಾಲಿನ ಮೇಲೆ ಬೀಳುತ್ತದೆ. ಬಣ್ಣ ಕೆರೆದು, ಫೋರ್ಕಿನ ಕಾಲು ಮೇಲಿನ ಕಿರೀಟಕ್ಕೆ ಸೇರುವಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿ ನೋಡಬೇಕು. ಬಿರುಕಿದ್ದರೆ ಅದರೊಳಗಿನ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ.

ಹಿಂದಿನ ಗುಂಬವನ್ನು ಪೂರ್ತಿ ಬಿಚ್ಚಿ ತೊಳೆದು, ಗುಂಡುಗಳನ್ನು ಹೊಸದಾಗಿ ಹಾಕಿ, ಶಾಖ ತಡೆಯುವ ಗ್ರೀಸನ್ನೇ ತುಂಬಬೇಕು. ಡ್ರಮ್ಮಿನ ಮಾತು ಇದಕ್ಕೆ ವಿರುದ್ಧ: ಶೂಗಳಿಗೆ ಎಣ್ಣೆಯ ಬೆರಳೂ ತಾಗಕೂಡದು, ತಾಗಿ ನೆನೆದ ಶೂ ಬಿಸಾಡಬೇಕು. ಚೈನಿನಲ್ಲಿ ಅರ್ಧ ಅಂಗುಲ ಸಡಿಲು ಸಾಕು. ಜೋಡಣೆಯ ಕೊಂಡಿಯಲ್ಲಿ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಲಿ. ತೋಳಿನ ಪಟ್ಟಿಗೆ ಸಡಿಲಾಗದ ನಟ್ಟು ಹಾಕಲಿ. ಆಮೇಲೆ ಮೊದಲು ಸಮನೆಲದಲ್ಲಿ, ಬಳಿಕ ಸಣ್ಣ ಇಳುಕಲಿನಲ್ಲಿ, ಎರಡು ಬ್ರೇಕುಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ತಂತಿ ಎಳೆದು ಹಿಗ್ಗಿದ್ದನ್ನು ಮತ್ತೆ ಬಿಗಿದು, ಅನಂತರ ಬೆಟ್ಟದ ಮಾತು.

ಹೋದ ಭಾನುವಾರ ಹುಡುಗ ಮತ್ತೆ ಬಂದಿದ್ದ. ಮಾಲಕರು ಡ್ರಮ್ಮಿಗೆ ಒಪ್ಪಿದ್ದಾರಂತೆ. ಚಕ್ರವನ್ನು ಅವನೇ ಕೂತು ಕಡ್ಡಿ ಬಿಗಿದು ಕಟ್ಟಿದ್ದಾನೆ. ಆದರೆ ಫೋರ್ಕಿನ ಬಣ್ಣ ಕೆರೆದು ಪುಡಿ ಉದುರಿಸಿದಾಗ ಎಡಗಾಲಿನ ಮೇಲ್ಗಡೆ, ಕಿರೀಟದ ಕೆಳಗೇ, ಉಗುರಿನಷ್ಟು ಉದ್ದದ ಗೆರೆಯೊಂದು ಎದ್ದಿತಂತೆ. "ಬರೇ ಬಣ್ಣ ಹೊಡೆದು ಕೊಟ್ಟಿದ್ರ ಯಾರಿಗೂ ಕಾಣ್ತಿದ್ದಿಲ್ರಿ ಕಾಕಾ" ಎಂದ. ಗಿರಾಕಿಗೆ ತೋರಿಸಿದ್ದಾರೆ; ಬೇರೆ ಫೋರ್ಕು ಹುಡುಕುತ್ತಿದ್ದಾರೆ. ಅಲ್ಲಿಯವರೆಗೆ ಹೊಸ ಚಕ್ರ ಅಂಗಡಿಯ ಗೋಡೆಯ ಮೊಳೆಗೆ ತೂಗುಬಿದ್ದಿದೆ.